ಮನೆ ಕೆಡವುವ ಗುತ್ತಿಗೆ: ಗೋಡೆ ಬೀಳುವ ಮೊದಲು ಮಾತು ಗಟ್ಟಿಯಾಗಲಿ

ರಾಯಚೂರಿನಿಂದ ಕೃಷ್ಣಾ ಹೊಳೆ ದಾಟಿದರೆ ಮಖ್ತಲ್, ಅದರಾಚೆ ನಾರಾಯಣಪೇಟೆ. ಗದ್ವಾಲ್‌ಗಾದರೆ ಹೊಳೆ ದಾಟಬೇಕಾಗಿಲ್ಲ, ರೈಲೇ ಇದೆ. ಮೂರೂ ಊರು ತೆಲಂಗಾಣದಲ್ಲಿದ್ದರೂ ಪೇಟೆಯಲ್ಲಿ ತೆಲುಗು, ಉರ್ದು, ಕನ್ನಡ ಮೂರೂ ನಡೆಯುತ್ತದೆ. ಗದ್ವಾಲ್ 2016ರಲ್ಲಿ, ನಾರಾಯಣಪೇಟೆ 2019ರಲ್ಲಿ ಜಿಲ್ಲಾ ಕೇಂದ್ರಗಳಾದವು. ಕಲ್ಲು, ಮಣ್ಣು, ಮರದ ಹಳೆ ಮಾಳಿಗೆ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟುವವರು ಅಲ್ಲಿ ಬಹಳ. ಹಳೆ ಮರದ ವ್ಯಾಪಾರಕ್ಕಾಗಿ ನಾನು ಆ ಕಡೆ ಓಡಾಡುತ್ತೇನೆ. ಈ ಕೆಲಸಕ್ಕೆ ಇಳಿಯುವ ನಮ್ಮ ಹುಡುಗರಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ನನ್ನದೇ ತಪ್ಪು ಹೇಳಿಬಿಡುತ್ತೇನೆ. ಮಖ್ತಲ್‌ನಲ್ಲಿ ಒಂದು ಮನೆ ಒಪ್ಪಿಕೊಂಡಿದ್ದೆ. "ಮರ ಎಲ್ಲಾ ನಿಮ್ಮದೇ" ಅಂತ ಮಾಲೀಕರು ಹೇಳಿದ್ದರು. ತಲೆಬಾಗಿಲಿನ ಚೌಕಟ್ಟೂ ಲಾರಿ ಹತ್ತಿ ರಾಯಚೂರಿಗೆ ಹೋಗಿ ಮಾರಾಟವಾಯಿತು. ಮರುದಿನ ಅವರ ವೃದ್ಧ ತಾಯಿ ಬಂದು, "ನಾನು ಮದುವೆಯಾಗಿ ಒಳಗೆ ಬಂದ ಬಾಗಿಲು ಅದು, ಹೊಸ ಮನೆಗೆ ಇಡುವುದಕ್ಕಿತ್ತು" ಅಂತ ಅತ್ತರು. ಮರ ಅಂದರೆ ತೊಲೆ, ಜಂತಿ ಮಾತ್ರ ಅಂತ ಮಾಲೀಕರ ಲೆಕ್ಕ. ಎಲ್ಲಾ ಅಂದರೆ ಎಲ್ಲಾ ಅಂತ ನನ್ನ ಲೆಕ್ಕ. ಸುಳ್ಳು ಹೇಳಿದವರು ಯಾರೂ ಇಲ್ಲ, ಆದರೂ ಜಗಳ ಆಯಿತು. ಚೌಕಟ್ಟು ವಾಪಸ್ ಸಿಗಲಿಲ್ಲ. ಆ ಬೀದಿಯಲ್ಲಿ ಮತ್ತೆ ನನಗೆ ಕೆಲಸವೂ ಸಿಗಲಿಲ್ಲ.

ಜಗಳ ಹುಟ್ಟುವುದು ಲೆಕ್ಕದಲ್ಲಿ

ಬೇರೆ ಗುತ್ತಿಗೆಯಲ್ಲಿ ಮಾಲೀಕ ಹಣ ಕೊಡುತ್ತಾನೆ, ನಾವು ಕೆಲಸ ಮಾಡುತ್ತೇವೆ. ಇಲ್ಲಿ ಎಷ್ಟೋ ಸಲ ನಾವೇ ಮಾಲೀಕನಿಗೆ ಹಣ ಕೊಡಬೇಕಾಗುತ್ತದೆ. ಯಾಕೆಂದರೆ ಸಾಗುವಾನಿ ತೊಲೆ, ಕಂಬ, ಬಾಗಿಲು, ಶಹಾಬಾದ್ ಕಲ್ಲು, ಕಬ್ಬಿಣಕ್ಕೆ ಬೆಲೆ ಇದೆ.

ಒಂದು ಉದಾಹರಣೆ. ಕೂಲಿ, ಜೆಸಿಬಿ, ಟ್ರ್ಯಾಕ್ಟರ್ ಸೇರಿ ಖರ್ಚು 90,000 ರೂ. ನಮ್ಮ ಲಾಭ 20,000. ಹಳೆ ಸಾಮಾನು 1,40,000ಕ್ಕೆ ಹೋಗುತ್ತದೆ ಅಂತ ಅಂದಾಜು. ಹಾಗಾದರೆ ಮಾಲೀಕನಿಗೆ 30,000 ಕೊಡಬಹುದು. ಆದರೆ ತೊಲೆಯ ತುದಿ ಗೋಡೆಯೊಳಗಿರುತ್ತದೆ, ಗೆದ್ದಲು ತಿಂದದ್ದು ಹೊರಗೆ ಕಾಣುವುದಿಲ್ಲ. ಸಾಮಾನು 80,000ಕ್ಕೇ ಹೋದರೆ 20,000 ಲಾಭದ ಬದಲು 40,000 ನಷ್ಟ. ಆಗ ನಾವು ಮಾಲೀಕನ ಜೊತೆ ಚೌಕಾಸಿಗೆ ಇಳಿಯುತ್ತೇವೆ. ಹಾಗೆಯೇ ಅಂದಾಜಿಗಿಂತ ಒಳ್ಳೆ ಮರ ಸಿಕ್ಕಿದರೆ ಮಾಲೀಕ ಮೋಸ ಹೋದೆ ಅಂತಾನೆ.

ಕಾಣದ ಸಾಮಾನಿನ ಅನಿಶ್ಚಿತ ವ್ಯಾಪಾರಕ್ಕೆ ನಮ್ಮಲ್ಲಿ ಗರರ್ ಅನ್ನುತ್ತೇವೆ, ಅದನ್ನು ನಬಿಯವರು ತಡೆದಿದ್ದಾರೆ. ಅದಕ್ಕೆ ನಾನು ಈಗ ಎರಡು ಲೆಕ್ಕ ಬೇರೆ ಬೇರೆ ಮಾಡುತ್ತೇನೆ. ಕೆಡವುವ ಕೂಲಿ ಒಂದು ಕರಾರು. ಸಾಮಾನು ಕೆಳಗಿಳಿದ ಮೇಲೆ ಮಾಲೀಕನ ಎದುರೇ ಅಳೆದು ಕೊಳ್ಳುವುದು ಇನ್ನೊಂದು. ಲಾಭ ಸ್ವಲ್ಪ ಕಡಿಮೆ, ನಿದ್ದೆ ಜಾಸ್ತಿ.

ಬರೆದಿಡಬೇಕಾದ ಸಂಗತಿಗಳು

1. ಮಾಲೀಕ ಯಾರು? ತಂದೆ ತೀರಿಕೊಂಡ ಮನೆಯಲ್ಲಿ ಅಣ್ಣ ಮಾತಾಡುತ್ತಾನೆ, ತಮ್ಮ ಗಲ್ಫ್‌ನಲ್ಲಿ, ತಂಗಿ ಗಂಡನ ಮನೆಯಲ್ಲಿ. ತಂಗಿಗೂ ಹಕ್ಕಿದೆ ಅನ್ನುವುದು ನಮಗೆ ಗೊತ್ತಿರುವ ವಿಷಯವೇ. ಮನೆ ತೆರಿಗೆ ರಸೀದಿ ನೋಡಿ, ವಾರಸುದಾರರೆಲ್ಲರ ಒಪ್ಪಿಗೆ ಪಡೆಯಿರಿ. ಕೆಡವಿದ ಮನೆಯನ್ನು ಮತ್ತೆ ನಿಲ್ಲಿಸುವುದಕ್ಕೆ ಆಗುವುದಿಲ್ಲ.

2. ಯಾವುದು ಯಾರದು? ತಲೆಬಾಗಿಲು, ಕಿಟಕಿ, ತೊಲೆ, ಕಲ್ಲು, ಕಬ್ಬಿಣ, ವೈರ್ ಒಂದೊಂದನ್ನೂ ಪಟ್ಟಿ ಮಾಡಿ. ಮಾಲೀಕನಿಗೆ ಬೇಕಾದ್ದಕ್ಕೆ ಸುಣ್ಣದ ಗುರುತು ಹಾಕಿ, ಮನೆಯ ಹೆಂಗಸರನ್ನೂ ಕೇಳಿ. ತೊಲೆಗೆ ತೆಲುಗಿನಲ್ಲಿ ದೂಲಂ, ಹೊಸ್ತಿಲಿಗೆ ಗಡಪ ಅನ್ನುತ್ತಾರೆ. ಮಾಲೀಕ ಓದುವ ಭಾಷೆಯಲ್ಲೇ ಪಟ್ಟಿ ಇರಲಿ.

3. ಎಲ್ಲಿಯ ತನಕ? ನೆಲಮಟ್ಟದ ತನಕವೋ, ಅಡಿಪಾಯದ ಕಲ್ಲೂ ತೆಗೆಯಬೇಕೋ? ಹಳೆ ಬಾವಿ, ಶೌಚದ ಗುಂಡಿ ಮುಚ್ಚುವುದು ಯಾರು?

4. ಮಣ್ಣು, ಅವಶೇಷ. ಎಷ್ಟು ಟ್ರ್ಯಾಕ್ಟರ್ ಲೋಡ್, ಎಲ್ಲಿಗೆ, ಯಾರ ಖರ್ಚು ಅಂತ ಬರೆಯಿರಿ. ಕಟ್ಟಡದ ಅವಶೇಷ ರಸ್ತೆ, ಚರಂಡಿಗೆ ಸುರಿಯಬಾರದು ಅಂತ ಕೇಂದ್ರ ಸರಕಾರ 2016ರಲ್ಲೇ ನಿಯಮ ತಂದಿದೆ.

5. ಪಕ್ಕದ ಮನೆ. ಹಳೆ ಗಲ್ಲಿಗಳಲ್ಲಿ ಗೋಡೆಗೆ ಗೋಡೆ ಅಂಟಿರುತ್ತದೆ. ಕೆಲಸಕ್ಕೆ ಮೊದಲು ನೆರೆಯವರನ್ನು ಕರೆದು, ಅವರ ಗೋಡೆಯಲ್ಲಿ ಆಗಲೇ ಇರುವ ಬಿರುಕುಗಳ ವಿಡಿಯೋ ಅವರ ಎದುರೇ ಮಾಡಿ. ಕೂಡುಗೋಡೆಯ ಹತ್ತಿರ ಜೆಸಿಬಿ ಬೇಡ, ಕೈಯಲ್ಲೇ ಬಿಚ್ಚಿಸಿ.

6. ಕರೆಂಟು, ನೀರು, ಪುರಸಭೆ. ಮೀಟರ್ ತೆಗೆಸುವುದು, ಪುರಸಭೆಗೆ ತಿಳಿಸುವುದು ಮಾಲೀಕನ ಜವಾಬ್ದಾರಿ ಅಂತ ಹಾಕಿ. ಅದು ಆಗದೆ ಒಂದು ಹೆಂಚೂ ಮುಟ್ಟಬೇಡಿ. ಕೆಡವುವ ಸುರಕ್ಷತೆಗೆ ಐಎಸ್ 4130 ಅನ್ನುವ ಭಾರತೀಯ ಮಾನದಂಡವೇ ಇದೆ. ಕಟ್ಟಿದ್ದಕ್ಕೆ ತಿರುಗು ಕ್ರಮದಲ್ಲಿ, ಮೇಲಿಂದ ಕೆಳಗೆ ಬಿಚ್ಚುವುದು ಪದ್ಧತಿ. ಕೂಲಿಯವರಿಗೆ ಪೆಟ್ಟಾದರೆ ಯಾರು ನೋಡಿಕೊಳ್ಳುತ್ತಾರೆ ಅಂತಲೂ ಬರೆಯಿರಿ. ನಾವು ಕರೆತಂದ ಕೂಲಿಯವರ ಹೊಣೆ ನಮ್ಮದೇ.

7. ಹಣ, ದಿನ. ಮುಂಗಡ, ಛಾವಣಿ ಇಳಿದಾಗ, ಜಾಗ ಖಾಲಿಯಾದಾಗ ಅಂತ ಮೂರು ಕಂತು ಮಾಡಿ. ಮಳೆ ಬಂದರೆ ದಿನ ಹೇಗೆ ಲೆಕ್ಕ ಅಂತ ಮೊದಲೇ ಹೇಳಿ.

8. ಗೋಡೆಯಲ್ಲಿ ಏನಾದರೂ ಸಿಕ್ಕಿದರೆ? ಚಿನ್ನ, ಹಳೆ ನಾಣ್ಯ ಸಿಕ್ಕಿದರೆ ಮಾಲೀಕನೂ ಇಟ್ಟುಕೊಳ್ಳುವ ಹಾಗಿಲ್ಲ, ನಾವೂ ಹಂಚಿಕೊಳ್ಳುವ ಹಾಗಿಲ್ಲ. ಕೆಲಸ ನಿಲ್ಲಿಸಿ ಕಲೆಕ್ಟರ್ ಕಚೇರಿಗೆ ತಿಳಿಸಬೇಕು. ಕೂಲಿಯವರಿಗೂ ಇದನ್ನು ಮೊದಲೇ ಹೇಳಿ.

ಬಾಯಿಮಾತು ಸಾಲದೇ?

1872ರ ಕರಾರು ಕಾಯ್ದೆ ಪ್ರಕಾರ ಬಾಯಿಮಾತಿನ ಕರಾರೂ ಕರಾರೇ. ಆದರೆ ಜಗಳ ಆದಾಗ ಅದನ್ನು ಸಾಬೀತು ಮಾಡುವುದು ಹೇಗೆ? ಪವಿತ್ರ ಕುರ್‌ಆನಿನ ಅತಿ ದೀರ್ಘ ಆಯತ್, ಅಲ್ ಬಕರದ 282ನೆಯದು, ನಮಾಜಿನ ಬಗ್ಗೆ ಅಲ್ಲ, ಸಾಲದ ವ್ಯವಹಾರ ಬರೆದಿಡುವ ಬಗ್ಗೆ, ಸಾಕ್ಷಿ ಇಡುವ ಬಗ್ಗೆ. ಕಂತಿನಲ್ಲಿ ಬಾಕಿ ಉಳಿಯುವ ನಮ್ಮ ಕೆಲಸವೂ ಸಾಲದ ಹಾಗೆಯೇ ಅಲ್ವಾ? ಬರೆಯೋಣ ಅಂದರೆ ನಂಬಿಕೆ ಇಲ್ಲ ಅಂತ ಅರ್ಥ ಅಲ್ಲ, ನಂಬಿಕೆ ಉಳಿಸಿಕೊಳ್ಳುವುದು ಅಂತ ಅರ್ಥ.

ಎರಡು ಪ್ರತಿ ಮಾಡಿ, ಇಬ್ಬರೂ ಸಹಿ ಹಾಕಿ, ಇಬ್ಬರು ಸಾಕ್ಷಿ ಇರಲಿ. ಒಬ್ಬರು ಆ ಊರಿನವರೇ ಆದರೆ ಒಳ್ಳೆಯದು. ಮಧ್ಯೆ ಬದಲಾವಣೆ ಆದರೆ ಅದೇ ದಿನ ವಾಟ್ಸ್ಆ್ಯಪ್‌ನಲ್ಲಿ ಹಾಕಿ ಒಪ್ಪಿಗೆ ತೆಗೆದುಕೊಳ್ಳಿ. ಅಷ್ಟಾದರೂ ಭಿನ್ನಾಭಿಪ್ರಾಯ ಬಂದರೆ ಪೊಲೀಸ್ ಠಾಣೆಗೆ ಓಡುವ ಮೊದಲು ಆ ಸಾಕ್ಷಿಗಳನ್ನು ಕೂರಿಸಿ ಮಾತಾಡಿ.

ನಾವು ಪರ ಊರಿನವರು, ಒಬ್ಬನ ಹೆಸರು ಕೆಟ್ಟರೆ ಹಿಂದೆ ಬರುವ ಹುಡುಗನಿಗೂ ಕೆಲಸ ಸಿಗುವುದಿಲ್ಲ. ಈಗ ನಾನು ಯಾವ ಮನೆಗೆ ಹೋದರೂ ಕೇಳುವ ಮೊದಲ ಪ್ರಶ್ನೆ ಒಂದೇ: "ತಲೆಬಾಗಿಲು ನಿಮಗೆ ಬೇಕಾ?"