ಮಳೆಗಾಲದಲ್ಲಿ ಮುನಿಯುವ ಹಳೆಯ ಬೈಕು: ದೋಷ ಎಲ್ಲಿ?

ಶಂಕರಘಟ್ಟ: ಭದ್ರಾವತಿಯಿಂದ ಸುಮಾರು 18 ಕಿ.ಮೀ. ದೂರದಲ್ಲಿರುವ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯಕ್ಕೆ ಬೈಕಿನಲ್ಲಿ ಓಡಾಡುವವರು ಹಲವರು. ಮಲೆನಾಡಿನ ಮಳೆಯಲ್ಲಿ ಕೆಲವು ವಾರ ನಿಂತಿದ್ದ ಹಳೆಯ ಬೈಕು ಎಷ್ಟು ಕಿಕ್ ಹೊಡೆದರೂ ಚಾಲೂ ಆಗದಿದ್ದರೆ ಅಥವಾ ನಡುದಾರಿಯಲ್ಲಿ ಏಕಾಏಕಿ ನಿಂತರೆ, ಎಂಜಿನ್ನೇ ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ. ಅನೇಕ ವೇಳೆ ದೋಷವಿರುವುದು ಪೆಟ್ರೋಲ್ ಹರಿಯುವ ಹಾದಿಯಲ್ಲಿ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿಗಳೂ ಸೇರಿದಂತೆ ಹಳೆಯ ಬೈಕುಗಳಲ್ಲಿ ಗಾಳಿ ಮತ್ತು ಪೆಟ್ರೋಲನ್ನು ಬೆರೆಸುವುದು ಕಾರ್ಬೊರೇಟರ್. ಅದರ ತಳದ ಬಟ್ಟಲಿನಲ್ಲಿ ಪೆಟ್ರೋಲ್ ನಿಲ್ಲುತ್ತದೆ. ಬಟ್ಟಲು ತುಂಬಿದಾಗ ತೇಲುವ ಫ್ಲೋಟ್ ಮೇಲೇರಿ, ಸೂಜಿಯಿಂದ ಒಳಹರಿವನ್ನು ಮುಚ್ಚುತ್ತದೆ. ಅಲ್ಲಿಂದ ಜೆಟ್ ಎಂಬ ಸಣ್ಣ ಹಿತ್ತಾಳೆ ರಂಧ್ರಗಳ ಮೂಲಕ ಪೆಟ್ರೋಲ್ ಎಂಜಿನ್ನಿಗೆ ಹೋಗುತ್ತದೆ.

ದೋಷ ಪತ್ತೆಗೆ ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಬೇಕು. ಹಲವು ಕಿಕ್‌ಗಳ ನಂತರವೂ ಪ್ಲಗ್ ಒಣಗಿದ್ದರೆ ಪೆಟ್ರೋಲ್ ತಲುಪುತ್ತಿಲ್ಲ. ತೊಯ್ದಿದ್ದರೆ ಪೆಟ್ರೋಲ್ ಹೆಚ್ಚಾಗಿದೆ, ಇಲ್ಲವೇ ಕಿಡಿ ಹಾರುತ್ತಿಲ್ಲ. ಸ್ವಲ್ಪ ದೂರ ಓಡಿ ನಿಂತ ಬೈಕು ಟ್ಯಾಂಕಿನ ಮುಚ್ಚಳ ತೆರೆದ ಮೇಲೆ ಮತ್ತೆ ಓಡಿದರೆ, ಮುಚ್ಚಳದ ಗಾಳಿರಂಧ್ರ ಕಟ್ಟಿಕೊಂಡಿದೆ ಎಂದರ್ಥ. ಚೋಕ್ ಎಳೆದರೆ ಮಾತ್ರ ಎಂಜಿನ್ ನಿಲ್ಲದೆ ಓಡುತ್ತಿದ್ದರೆ ಪೈಲಟ್ ಜೆಟ್ ಕಟ್ಟಿರುವ ಸಂಭವ ಹೆಚ್ಚು. ನಿಧಾನವಾಗಿ ಓಡಿ, ವೇಗ ಹೆಚ್ಚಿಸಿದಾಗ ಸೊರಗಿದರೆ ಮೇನ್ ಜೆಟ್ ಅಥವಾ ಫಿಲ್ಟರ್ ನೋಡಬೇಕು. ಕಾರ್ಬೊರೇಟರಿನಿಂದ ಪೆಟ್ರೋಲ್ ಸೋರುತ್ತಿದ್ದರೆ ಸೂಜಿಯ ಬಾಯಿಗೆ ಕಸ ಸಿಕ್ಕಿರಬಹುದು, ಇಲ್ಲವೇ ಫ್ಲೋಟ್ ತೂತಾಗಿರಬಹುದು.

ಎಂಜಿನ್ ತಣ್ಣಗಾದ ಮೇಲೆ, ಬೆಂಕಿಯಿಂದ ದೂರ, ಬಯಲಿನಲ್ಲಿಯೇ ಈ ಕೆಲಸ ಮಾಡಬೇಕು. ಬಟ್ಟಲಿನ ಪೆಟ್ರೋಲನ್ನು ಗಾಜಿನ ಲೋಟಕ್ಕೆ ಇಳಿಸಿದರೆ ನೀರು ತಳದಲ್ಲಿ ಪ್ರತ್ಯೇಕ ಪದರವಾಗಿ ಕಾಣುತ್ತದೆ. ಜೆಟ್‌ಗಳನ್ನು ಕಾರ್ಬೊರೇಟರ್ ಕ್ಲೀನರಿನಿಂದ ತೊಳೆದು ಗಾಳಿ ಊದಬೇಕೇ ಹೊರತು ತಂತಿಯಿಂದ ಚುಚ್ಚಬಾರದು. ರಂಧ್ರ ಕೊಂಚ ಹಿಗ್ಗಿದರೂ ಮಿಶ್ರಣದ ಪ್ರಮಾಣ ಕೆಡುತ್ತದೆ.

ಇಂದು ಈ ಎಚ್ಚರ ಇನ್ನಷ್ಟು ಅಗತ್ಯ. ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ನೀಡಲಾಯಿತು. 2025ರ ವೇಳೆಗೆ ಅದು ದೇಶದೆಲ್ಲೆಡೆ ಸಾಮಾನ್ಯವಾಯಿತು. ಎಥೆನಾಲ್ ತೇವವನ್ನು ಹೀರಿಕೊಳ್ಳುತ್ತದೆ. ನೀರು ಮಿತಿಮೀರಿದಾಗ ಎರಡೂ ಕೂಡಿ ಟ್ಯಾಂಕಿನ ತಳಕ್ಕೆ ಇಳಿದು ತುಕ್ಕಿಗೆ ದಾರಿ ಮಾಡುತ್ತವೆ. ಹಳೆಯ ಬೈಕುಗಳ ರಬ್ಬರ್ ಕೊಳವೆ, ವಾಷರ್‌ಗಳು ಇಂಥ ಇಂಧನಕ್ಕಾಗಿ ರೂಪುಗೊಂಡವಲ್ಲ. ಅವು ಉಬ್ಬಿ ಬಿರುಕು ಬಿಟ್ಟರೆ ಪೆಟ್ರೋಲ್ ಸೋರಿ ಬೆಂಕಿಯ ಅಪಾಯವೂ ಉಂಟು.

ಆದ್ದರಿಂದ ಬೈಕನ್ನು ವಾರಗಟ್ಟಲೆ ನಿಲ್ಲಿಸುವ ಮುನ್ನ ಪೆಟ್ರೋಲ್ ಕಾಕ್ ಮುಚ್ಚಿ, ಬಟ್ಟಲು ಬರಿದಾಗಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಚಾಲನೆಯಲ್ಲಿಡುವುದು ಒಳ್ಳೆಯದು. ಖರ್ಚಿಲ್ಲದ ಈ ಅಭ್ಯಾಸ ಮುಂದೆ ನಡುದಾರಿಯಲ್ಲಿ ಬೈಕು ತಳ್ಳುವ ಕಷ್ಟವನ್ನು ತಪ್ಪಿಸೀತು.