ಗುಡಿಯೂ ಗಿಡವೂ ಒಂದೇ ದಾಖಲೆಯಲ್ಲಿ: ಜನತಾ ಜೀವವೈವಿಧ್ಯ ದಾಖಲಾತಿ ಮತ್ತು ಗ್ರಾಮ ಪಂಚಾಯತಿಯ ಹೊಣೆ

ಸಂಡೂರು ತಾಲ್ಲೂಕಿನ ದೋಣಿಮಲೈಯಲ್ಲಿ ಕಬ್ಬಿಣದ ಅದಿರಿನ ಗಣಿಯು 1977ರಲ್ಲಿ ಕಾರ್ಯಾರಂಭ ಮಾಡಿತು. ಅದೇ ಸಂಡೂರು ಬೆಟ್ಟಗಳ ಸ್ವಾಮಿಮಲೈ ಭಾಗದಲ್ಲಿ ಪಾರ್ವತಿ ಮತ್ತು ಕುಮಾರಸ್ವಾಮಿ ದೇವಾಲಯಗಳು ಸಾವಿರ ವರ್ಷಗಳಿಂದಲೂ ನಿಂತಿವೆ. ಗಣಿಯ ಗಡಿ, ಅದಿರಿನ ಪ್ರಮಾಣ, ರಾಜಧನದ ಮೊತ್ತ ಇವೆಲ್ಲಕ್ಕೂ ಕಾಗದದಲ್ಲಿ ಲೆಕ್ಕವಿದೆ. ಆದರೆ ಹಳ್ಳದ ದಂಡೆಯ ಗ್ರಾಮದೇವತೆಯ ಗುಡಿ, ಅದರ ಸುತ್ತಲಿನ ತೋಪು, ಬೇಸಿಗೆಯಲ್ಲಿಯೂ ಬತ್ತದ ತೀರ್ಥ, ಔಷಧಿಗೆ ಬೇರು ಕೀಳುವ ಜಾಗ ಇವುಗಳ ಲೆಕ್ಕ ಬಹುತೇಕ ಗ್ರಾಮಗಳಲ್ಲಿ ಹಿರಿಯರ ನೆನಪಿನಲ್ಲಿ ಮಾತ್ರ ಉಳಿದಿದೆ.

ನೆನಪು ಸಾಲದೆಂಬುದಕ್ಕೆ ಈ ಸೀಮೆಯಲ್ಲಿಯೇ ನಿದರ್ಶನವಿದೆ. ಕರ್ನಾಟಕ ಮತ್ತು ಆಂಧ್ರಪ್ರದೇಶದ ಗಡಿಯ ಬೆಟ್ಟದಲ್ಲಿದ್ದ ಸುಗ್ಗಲಮ್ಮ ದೇವಿಯ ಹಳೆಯ ಗುಡಿಯು 2006ರಲ್ಲಿ ಗಣಿಗಾರಿಕೆಯ ನಡುವೆ ನೆಲಸಮವಾಯಿತು. ಒಂದು ಸ್ಥಳ ನಾಶವಾದ ಮೇಲೆ ತನಿಖೆ ನಡೆಯಬಹುದು, ಪರಿಹಾರವೂ ದೊರೆಯಬಹುದು. ಸ್ಥಳ ಮಾತ್ರ ಮರಳಿ ಬಾರದು. ಆದುದರಿಂದ ನಾಶಕ್ಕೆ ಮುನ್ನವೇ ಪಂಚಾಯತಿಯ ಕೈಯಲ್ಲಿ ಲಿಖಿತ ದಾಖಲೆ ಇರುವುದು ಅವಶ್ಯ. ಅಂತಹ ದಾಖಲೆಯೇ ಜನತಾ ಜೀವವೈವಿಧ್ಯ ದಾಖಲಾತಿ.

ಸಂಶೋಧನೆ ತಿಳಿಸುವುದೇನು?

ದೇವರ ಹೆಸರಿನಲ್ಲಿ ಬಿಟ್ಟ ಕಾಡುಗಳನ್ನು ಕುರಿತು ಮಾಧವ ಗಾಡ್ಗೀಳ್ ಮತ್ತು ಸಸ್ಯವಿಜ್ಞಾನಿ ವಿ.ಡಿ. ವರ್ತಕ್ ಅವರು 1970ರ ದಶಕದಲ್ಲಿ ಪಶ್ಚಿಮಘಟ್ಟದಲ್ಲಿ ಅಧ್ಯಯನ ನಡೆಸಿದರು. ಸುತ್ತಲಿನ ಕಾಡು ಕರಗಿದ ಕಡೆಯಲ್ಲಿಯೂ ಊರಿನ ನಂಬಿಕೆ ಮತ್ತು ಕಟ್ಟಳೆ ಮರಗಳನ್ನು ಉಳಿಸಿದ್ದವು ಎಂಬುದು ಈ ಅಧ್ಯಯನಗಳಿಂದ ವಿದ್ವಾಂಸರ ಗಮನಕ್ಕೆ ಬಂದಿತು. ಕೊಡಗಿನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಸಂಶೋಧನೆಯೊಂದು ರಕ್ಷಿತಾರಣ್ಯ, ದೇವರಕಾಡು ಮತ್ತು ಕಾಫಿ ತೋಟಗಳ ಮರ, ಹಕ್ಕಿ ಹಾಗೂ ಅಣಬೆಗಳನ್ನು ಹೋಲಿಸಿ ನೋಡಿತು. ಅಳಿವಿನ ಅಂಚಿನಲ್ಲಿರುವ ಮರಗಳು ರಕ್ಷಿತಾರಣ್ಯಕ್ಕಿಂತ ದೇವರಕಾಡುಗಳಲ್ಲಿ ಹೆಚ್ಚಾಗಿರುವುದು ಅದರಲ್ಲಿ ಕಂಡುಬಂದಿತು. ಸಂಸ್ಕೃತಿಯ ರಕ್ಷಣೆ ಮತ್ತು ಜೀವವೈವಿಧ್ಯದ ರಕ್ಷಣೆ ಎರಡು ಬೇರೆ ಕೆಲಸಗಳಲ್ಲ ಎಂಬುದು ಇದರ ಸಾರ. ಹರಕೆಯ ಪದ್ಧತಿ ಅಳಿದರೆ ತೋಪು ಅಳಿಯುತ್ತದೆ. ತೋಪು ಅಳಿದರೆ ಹರಕೆಗೆ ನೆಲೆಯಿಲ್ಲ.

ಈ ಭಾಗದ ಸಂಪತ್ತು

ಬಯಲುಸೀಮೆಯಲ್ಲಿ ಕೊಡಗಿನಂತಹ ದಟ್ಟಕಾಡು ಇಲ್ಲದಿದ್ದರೂ ದಾಖಲಿಸಬೇಕಾದುದು ಕಡಿಮೆಯಲ್ಲ. 1994ರಲ್ಲಿ ಘೋಷಿತವಾದ ದರೋಜಿ ಕರಡಿಧಾಮದ ಕರಡಿಗಳಿಗೆ ಕುರುಚಲು ಕಾಡಿನ ಕವಳೆ, ಜಾನೆ, ಬಾರೆ ಹಣ್ಣುಗಳು ಆಹಾರ. ಊರ ಮಕ್ಕಳು ಆರಿಸಿ ತಿನ್ನುವುದೂ ಇವೇ ಹಣ್ಣುಗಳನ್ನು. ಹಂಪಿಯ ಬಳಿಯ ಮುದ್ಲಾಪುರದಿಂದ ಕಂಪ್ಲಿಯವರೆಗೆ ತುಂಗಭದ್ರೆಯ 34 ಕಿಲೋಮೀಟರ್ ಹರಿವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಈ ನದಿಯ ಮಡು, ಬಂಡೆ ಮತ್ತು ಮೀನುಗಳನ್ನು ಹರಿಗೋಲು ನಡೆಸುವವರಷ್ಟು, ಬಲೆ ಬೀಸುವವರಷ್ಟು ಬಲ್ಲವರು ವಿರಳ. ಹಂಪಿಯು 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿನ ಗದ್ದೆ ಮತ್ತು ಬಾಳೆತೋಟಗಳಿಗೆ ವಿಜಯನಗರ ಕಾಲದ ತುರ್ತು ಕಾಲುವೆಯ ನೀರು ಇಂದಿಗೂ ಹರಿಯುತ್ತಿದೆ. ಕಾಲುವೆ ಸ್ಮಾರಕವೂ ಹೌದು, ರೈತನ ಜೀವನಾಡಿಯೂ ಹೌದು.

ಕಾನೂನು ನೀಡಿರುವ ಅಧಿಕಾರ

ಜೈವಿಕ ವೈವಿಧ್ಯ ಅಧಿನಿಯಮ, 2002ರ 41ನೇ ಪ್ರಕರಣದಂತೆ ಪ್ರತಿಯೊಂದು ಸ್ಥಳೀಯ ಸಂಸ್ಥೆಯು ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸತಕ್ಕದ್ದು. ಸಮಿತಿಯ ವ್ಯಾಪ್ತಿಯ ಜೈವಿಕ ಸಂಪನ್ಮೂಲ ಮತ್ತು ಅದಕ್ಕೆ ಸಂಬಂಧಿಸಿದ ಜ್ಞಾನದ ಬಳಕೆಯ ಬಗ್ಗೆ ನಿರ್ಧರಿಸುವಾಗ ರಾಷ್ಟ್ರೀಯ ಪ್ರಾಧಿಕಾರ ಹಾಗೂ ರಾಜ್ಯ ಮಂಡಳಿಯು ಆ ಸಮಿತಿಯೊಡನೆ ಸಮಾಲೋಚಿಸಬೇಕು. ವಾಣಿಜ್ಯ ಉದ್ದೇಶಕ್ಕಾಗಿ ಸಂಪನ್ಮೂಲ ಸಂಗ್ರಹಿಸುವವರಿಂದ ಶುಲ್ಕ ವಸೂಲು ಮಾಡುವ ಅಧಿಕಾರವೂ ಸಮಿತಿಗಿದೆ. 43ನೇ ಪ್ರಕರಣವು ಸ್ಥಳೀಯ ಜೀವವೈವಿಧ್ಯ ನಿಧಿಗೆ ಅವಕಾಶ ನೀಡುತ್ತದೆ.

37ನೇ ಪ್ರಕರಣದಂತೆ ರಾಜ್ಯ ಸರ್ಕಾರವು ಸ್ಥಳೀಯ ಸಂಸ್ಥೆಗಳೊಡನೆ ಸಮಾಲೋಚಿಸಿ ಜೀವವೈವಿಧ್ಯ ಪರಂಪರೆಯ ತಾಣವನ್ನು ಘೋಷಿಸಬಹುದು. ದೇಶದಲ್ಲಿ ಇಂತಹ ಮೊದಲ ತಾಣವಾಗಿ 2007ರಲ್ಲಿ ಘೋಷಿತವಾದುದು ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪು. ಸುಮಾರು 54 ಎಕರೆಯ ಆ ತೋಪಿನಲ್ಲಿ ಶತಮಾನಗಳ ಹುಣಸೆ ಮರಗಳೂ ಪ್ರಾಚೀನ ಗುಡಿಗಳ ಅವಶೇಷಗಳೂ ಒಟ್ಟಿಗೆ ಉಳಿದಿವೆ. ಘೋಷಣೆಯಾದರೆ ದನ ಮೇಯಿಸುವುದು, ಪೂಜೆ ನಡೆಸುವುದು ನಿಂತುಹೋದೀತೆಂಬ ಆತಂಕ ಗ್ರಾಮಸ್ಥರಲ್ಲಿ ಸಹಜ. ಸ್ಥಳೀಯರು ತಾವಾಗಿ ಒಪ್ಪಿಕೊಂಡ ಕಟ್ಟಳೆಗಳ ಹೊರತು ಅವರ ರೂಢಿಯ ಬಳಕೆಗೆ ನಿರ್ಬಂಧ ಬರುವುದಿಲ್ಲವೆಂದು ಮಾರ್ಗಸೂಚಿ ತಿಳಿಸುತ್ತದೆ.

ದಾಖಲಾತಿ ಇದ್ದೂ ಇಲ್ಲದಂತಾಗಬಾರದು

ಎಲ್ಲ ಸ್ಥಳೀಯ ಸಂಸ್ಥೆಗಳಲ್ಲಿಯೂ ಸಮಿತಿ ಹಾಗೂ ದಾಖಲಾತಿಯನ್ನು 2020ರ ಜನವರಿ 31ರೊಳಗೆ ಪೂರ್ಣಗೊಳಿಸಬೇಕೆಂದು, ತಪ್ಪಿದಲ್ಲಿ ರಾಜ್ಯಗಳು ತಿಂಗಳಿಗೆ ರೂ. 10 ಲಕ್ಷ ಪಾವತಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2019ರಲ್ಲಿ ಆದೇಶಿಸಿತು. ಗಡುವಿನೊಳಗೆ ಮುಗಿಸಿದ ಕೆಲಸದಲ್ಲಿ ಮರ, ಹಕ್ಕಿಗಳ ಸಾಮಾನ್ಯ ಪಟ್ಟಿ ಸೇರಿ, ಆ ಊರಿನದೇ ಆದ ಸಂಗತಿಗಳು ಬಿಟ್ಟುಹೋಗುವ ಸಂಭವವಿರುತ್ತದೆ. ಬೇರೆ ಊರಿನ ಹೆಸರು ಬರೆದರೂ ಹೊಂದಿಕೊಳ್ಳುವಂತಹ ದಾಖಲಾತಿಯು ಸಮಾಲೋಚನೆಯ ದಿನ ಪ್ರಯೋಜನಕ್ಕೆ ಬಾರದು. ಆದುದರಿಂದ ಸದಸ್ಯರು ಈ ಕೆಳಗಿನ ಕ್ರಮಗಳನ್ನು ಕೈಗೊಳ್ಳುವುದು ಸೂಕ್ತ:

1. ಪಂಚಾಯತಿ ಕಚೇರಿಯಲ್ಲಿರುವ ದಾಖಲಾತಿಯನ್ನು ಪಿಡಿಒ ಅವರಿಂದ ತರಿಸಿಕೊಂಡು, ತಮ್ಮ ವಾರ್ಡಿನ ಭಾಗವನ್ನು ಓದಿ ನೋಡುವುದು.

2. ಗುಡಿ, ತೋಪು, ಕೆರೆ, ತೀರ್ಥ, ವೀರಗಲ್ಲುಗಳಿರುವ ಸ್ಥಳಗಳನ್ನು ಸರ್ವೆ ನಂಬರು, ಅಲ್ಲಿನ ಮರಗಳ ಊರ ಹೆಸರು ಹಾಗೂ ಆಚರಣೆಯ ಕಾಲದೊಂದಿಗೆ ಸೇರಿಸುವುದು.

3. ಕುರಿಗಾಹಿಗಳು, ಮೀನುಗಾರರು, ನಾಟಿವೈದ್ಯರು, ಸೂಲಗಿತ್ತಿಯರು, ಬಿತ್ತನೆಬೀಜ ಕಾಯ್ದಿಟ್ಟ ರೈತ ಮಹಿಳೆಯರು ಇವರಿಂದ ಮಾಹಿತಿ ಪಡೆಯುವುದು. ಔಷಧಿಯ ವಿವರವನ್ನು ಅವರ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸಬಾರದು.

4. ತಿದ್ದುಪಡಿಯನ್ನು ಗ್ರಾಮಸಭೆಯಲ್ಲಿ ಓದಿಸಿ, ನಿರ್ಣಯ ಅಂಗೀಕರಿಸಿ, ನಡವಳಿ ಪುಸ್ತಕದಲ್ಲಿ ನಮೂದಿಸುವುದು; ಕರ್ನಾಟಕ ಜೀವವೈವಿಧ್ಯ ಮಂಡಳಿಗೆ ಪ್ರತಿ ಕಳುಹಿಸುವುದು.

ಈ ಕೆಲಸಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಊರನ್ನು ಬಲ್ಲ ಹಿರಿಯರೊಡನೆ ಗಡಿ ಸುತ್ತಿ ಬರಲು ಕೆಲವು ದಿನಗಳು ಬೇಕು. ಆ ಹಿರಿಯರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವುದರಿಂದ ಮುಂದಿನ ಗ್ರಾಮಸಭೆಯ ವಿಷಯಪಟ್ಟಿಯಲ್ಲಿಯೇ ಇದಕ್ಕೆ ಸ್ಥಾನ ದೊರೆಯುವುದು ಒಳಿತು.