ಹೊಲದ ಕೆಲಸವೂ ಪಂಚಾಯ್ತಿ ಪಟ್ಟಿಗೆ ಬರಲಿ

ನಮ್ಮ ಬಯಲುಸೀಮೆ ಕಡೆ ಪಂಚಾಯ್ತಿ ಕೆಲಸ ಅಂದರೆ ಮೂರೇ. ಸಿಮೆಂಟ್ ರಸ್ತೆ, ಚರಂಡಿ, ಬೀದಿದೀಪ. ಊರೊಳಗೆ ಇವು ಬೇಕು, ಬೇಡ ಅನ್ನೋರು ಯಾರೂ ಇಲ್ಲ. ಮಳೆಗಾಲದಲ್ಲಿ ಕೆಸರು ತುಳಿದು ನೀರು ಹೊತ್ತ ಹೆಣ್ಣುಮಕ್ಕಳನ್ನು ಕೇಳಿದರೆ ರಸ್ತೆಯ ಬೆಲೆ ಗೊತ್ತಾಗುತ್ತೆ. ಆದರೆ ಊರು ಅಂದರೆ ಮನೆಗಳಷ್ಟೇ ಅಲ್ಲ. ಮನೆ ದಾಟಿದ ಮೇಲೆ ಬೆದ್ದಲು ಹೊಲ ಇದೆ, ಗೋಕಟ್ಟೆ ಇದೆ, ಕೆರೆಗೆ ನೀರು ತರುವ ಕಾಲುವೆ ಇದೆ, ಬಂಡಿಜಾಡು ಇದೆ. ನಮಗೆ ಅನ್ನ ಬರೋದು ಅಲ್ಲಿಂದ. ಪಂಚಾಯ್ತಿ ಪಟ್ಟಿಯಲ್ಲಿ ಮಾತ್ರ ಅದು ಕೊನೆಗೆ, ಇಲ್ಲಾಂದ್ರೆ ಇಲ್ಲವೇ ಇಲ್ಲ.

ಇದಕ್ಕೆ ಕಾನೂನು ಕಾರಣ ಅಂತ ಹಲವರು ತಿಳಿದಿದ್ದಾರೆ. ಹಾಗಲ್ಲ.

ಕಾನೂನಿನಲ್ಲಿ ಹೊಲವೇ ಮೊದಲು

ಪಂಚಾಯ್ತಿಗಳಿಗೆ ಸಂವಿಧಾನದಲ್ಲಿ ಜಾಗ ಕೊಟ್ಟಿದ್ದು 73ನೇ ತಿದ್ದುಪಡಿ. ಅದು ಜಾರಿಗೆ ಬಂದದ್ದು 1993ರ ಏಪ್ರಿಲ್ 24ರಂದು. ಅದೇ ವರ್ಷ ಮೇ ತಿಂಗಳಲ್ಲಿ ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯ್ದೆಯೂ ಜಾರಿಯಾಯಿತು. ಈಗ ಅದರ ಹೆಸರಿನಲ್ಲಿ 'ಗ್ರಾಮ ಸ್ವರಾಜ್' ಅನ್ನೋ ಮಾತೂ ಸೇರಿದೆ.

ಪಂಚಾಯ್ತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಸಂವಿಧಾನದ ಹನ್ನೊಂದನೇ ಅನುಸೂಚಿಯಲ್ಲಿ ಪಟ್ಟಿ ಮಾಡಿದ್ದಾರೆ. ಮೊದಲನೆಯದೇ ಕೃಷಿ. ಎರಡನೆಯದು ಭೂಮಿ ಅಭಿವೃದ್ಧಿ, ಮಣ್ಣು ಸಂರಕ್ಷಣೆ. ಮೂರನೆಯದು ಸಣ್ಣ ನೀರಾವರಿ, ಜಲಾನಯನ. ನಾಲ್ಕನೆಯದು ಪಶುಪಾಲನೆ, ಹೈನು, ಕೋಳಿ. ಕುಡಿಯುವ ನೀರು 11ನೆಯದು, ಸೌದೆ ಮತ್ತು ಮೇವು 12ನೆಯದು. ರಸ್ತೆ, ಮೋರಿ, ಸೇತುವೆ ಬರೋದು 13ನೇ ಸ್ಥಾನದಲ್ಲಿ.

ಪಟ್ಟಿಯ ನಂಬರು ಅಂದರೆ ಯಾವುದು ಹೆಚ್ಚು, ಯಾವುದು ಕಡಿಮೆ ಅಂತಲ್ಲ, ನಿಜ. ಆದರೆ 'ಹೊಲದ ಕೆಲಸ ಪಂಚಾಯ್ತಿಗೆ ಬರಲ್ಲ, ಕೃಷಿ ಇಲಾಖೆಗೆ ಹೋಗಿ' ಅಂತ ಯಾರಾದರೂ ಹೇಳಿದರೆ ಈ ಪಟ್ಟಿಯನ್ನು ಅವರ ಮುಂದೆ ಇಡಬಹುದು.

ಕೆರೆಯ ಮಾತೂ ಹಾಗೆಯೇ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಹೆಚ್ಚಿದ್ದರೆ ಸಣ್ಣ ನೀರಾವರಿ ಇಲಾಖೆ ನೋಡಿಕೊಳ್ಳುತ್ತೆ. ಅದಕ್ಕಿಂತ ಚಿಕ್ಕ ಕೆರೆ, ಕಟ್ಟೆಗಳು ಪಂಚಾಯತ್ ವ್ಯವಸ್ಥೆಗೆ ಸೇರಿದವು. ನಮ್ಮ ಕಡೆಯ ಹೆಚ್ಚಿನ ಊರುಗಳಲ್ಲಿ ಇರೋದು ಈ ಚಿಕ್ಕವೇ.

ಹಾಗಾದರೆ ರಸ್ತೆಯೇ ಯಾಕೆ ಮುಂದೆ?

ನಾನು ಕಂಡ ಕಾರಣ ನಾಲ್ಕು.

ಒಂದು, ರಸ್ತೆ ಕಣ್ಣಿಗೆ ಕಾಣುತ್ತೆ. ಕಾಲುವೆ ಹೂಳು ತೆಗೆದರೆ ಮಳೆ ಬರೋ ತನಕ ಯಾರಿಗೂ ಕಾಣಲ್ಲ.

ಎರಡು, ರಸ್ತೆಯ ಲೆಕ್ಕ ಸುಲಭ. ಉದ್ದ, ಅಗಲ, ದಪ್ಪ ಅಷ್ಟೇ. ಕಾಲುವೆ ಹತ್ತು ಸರ್ವೆ ನಂಬರು ದಾಟಿ ಬರುತ್ತೆ. ಒಬ್ಬ ಒಪ್ಪಿದರೆ ಇನ್ನೊಬ್ಬ ಒಪ್ಪಲ್ಲ. ಜಗಳಕ್ಕೆ ಕೈ ಹಾಕಲು ಯಾವ ಮೆಂಬರಿಗೂ ಇಷ್ಟವಿರಲ್ಲ.

ಮೂರು, ರಸ್ತೆಯಲ್ಲಿ ಸಿಮೆಂಟು, ಜಲ್ಲಿ, ಕಬ್ಬಿಣ ಇರುತ್ತೆ. ಅದನ್ನು ಒದಗಿಸೋರು ಕೆಲಸದ ಬೆನ್ನು ಹತ್ತಿ ಓಡಾಡ್ತಾರೆ. ಹೂಳಿನ ಬೆನ್ನು ಹತ್ತೋರು ಯಾರು?

ನಾಲ್ಕನೆಯದು ನಮ್ಮ ಕಡೆಯದೇ. ಪಟ್ಟಿ ಬರೆಯೋ ದಿನ ಹೊಲದವರು ಹೊಲದಲ್ಲಿರ್ತೀವಿ. ಪಂಚಾಯ್ತಿ ಅಭಿವೃದ್ಧಿ ಯೋಜನೆ ತಯಾರಿಸುವ ಅಭಿಯಾನ ದೇಶದಲ್ಲೆಲ್ಲ 2018ರಲ್ಲಿ ಅಕ್ಟೋಬರ್ 2ರಿಂದ ಶುರುವಾಯಿತು. ಗಾಂಧಿ ಜಯಂತಿ ಒಳ್ಳೆ ದಿನವೇ. ಆದರೆ ನಮಗೆ ಅದು ಹಸ್ತ ಮಳೆಯ ಕಾಲ. ಶೇಂಗಾ ಕೀಳೋದೋ, ಬಳ್ಳಿ ಒಣಗಿಸೋದೋ, ಹಿಂಗಾರಿಗೆ ನೆಲ ಹದ ಮಾಡೋದೋ ಒಂದಲ್ಲ ಒಂದು ಇರುತ್ತೆ. ಬೆಳಿಗ್ಗೆ 11 ಗಂಟೆಗೆ ಸಭೆ ಅಂದರೆ ಬರೋರು ಊರೊಳಗೆ ಇದ್ದೋರು ಮಾತ್ರ. ಅವರು ತಮ್ಮ ಬೀದಿಯ ಚರಂಡಿ ಬರೆಸ್ತಾರೆ. ಅದು ಅವರ ತಪ್ಪಲ್ಲ.

ನಮ್ಮೂರ ಗೋಕಟ್ಟೆ ಕಥೆ

ಊರ ಹೆಸರು ಬೇಡ. ವರ್ಷಕ್ಕೆ 500 ಮಿ.ಮೀ. ಮಳೆ ಮುಟ್ಟಿದರೆ ಹಬ್ಬ ಅನ್ನೋ ಸೀಮೆ. ಊರ ಬಡಗಲಿಗೆ ಹಿರಿಯರ ಕಾಲದ ಒಂದು ಗೋಕಟ್ಟೆ. 2022ರಲ್ಲಿ ಅದರ ಮೇಲ್ಗಡೆ ಒಂದು ರಸ್ತೆ ಆಯಿತು. ರಸ್ತೆ ಗಟ್ಟಿಯಾಗಿಯೇ ಇದೆ. ಆದರೆ ನೆಲದಿಂದ ಒಂದೂವರೆ ಅಡಿ ಎತ್ತರಿಸಿದರು, ನೀರು ದಾಟೋಕೆ ಮೋರಿ ಇಡಲಿಲ್ಲ. ಮೇಲಿನ ಹೊಲಗಳಿಂದ ಬರೋ ನೀರು ರಸ್ತೆಗುಂಟ ಹರಿದು ಹಳ್ಳಕ್ಕೆ ಬಿತ್ತು. ಕಟ್ಟೆ ಒಣಗಿತು.

ಮಾರನೇ ವರ್ಷ 2023. ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಸಾರಿದ ವರ್ಷ. ಬಂದ ನಾಲ್ಕು ಮಳೆಯೂ ಕಟ್ಟೆಗೆ ಸೇರಲಿಲ್ಲ. ಕುರಿಯವರು ಒಬ್ಬರ ಬೋರ್‌ವೆಲ್ ತೊಟ್ಟಿ ಮುಂದೆ ಸರದಿ ನಿಂತರು. ಆ ಬೋರೂ ಬೇಸಿಗೆಗೆ ಸೊರಗಿತು. ಎರಡು ಮನೆಯವರು ಕುರಿ ಮಾರಿದರು.

ನಾವು ಐದಾರು ಜನ ಪಂಚಾಯ್ತಿ ಆಫೀಸಿಗೆ ಹೋದೆವು. ಅಧಿಕಾರಿ ಸಮಾಧಾನವಾಗೇ ಮಾತಾಡಿದರು. "ಯಜಮಾನ್ರೆ, ನೀವು ಹೇಳೋದು ಸರಿ. ಆದ್ರೆ ಕ್ರಿಯಾ ಯೋಜನೆಯಲ್ಲಿ ಇಲ್ವಲ್ಲ. ಯೋಜನೆಯಲ್ಲಿ ಇಲ್ಲದ್ದಕ್ಕೆ ನಾನು ಒಂದು ರೂಪಾಯಿ ಖರ್ಚು ಮಾಡೋಕೆ ಬರಲ್ಲ" ಅಂದರು. "ಹಂಗಾದ್ರೆ ಯೋಜನೆಗೆ ಸೇರಿಸೋದು ಎಲ್ಲಿ ಸಾರ್?" ಅಂದೆ. "ವಾರ್ಡ್ ಸಭೆಯಲ್ಲಿ. ಬರೆದು ಕೊಡಿ" ಅಂದರು.

ಈ ಒಂದು ಮಾತು ನಮಗೆ ದಾರಿ ತೋರಿಸಿತು.

ಅಳೆದು ಬರೆದ ಅರ್ಜಿ

ಬರೀ 'ಗೋಕಟ್ಟೆಗೆ ನೀರು ಬರಲ್ಲ' ಅಂತ ಬರೆದರೆ ಅದು ದೂರು ಆಗುತ್ತೆ, ಕೆಲಸ ಆಗಲ್ಲ. ಹಾಗಾಗಿ ಮೊದಲು ಟೇಪು ಹಿಡಿದೆವು.

ಕಟ್ಟೆ ಹೆಚ್ಚುಕಮ್ಮಿ 100 ಅಡಿ ಉದ್ದ, 100 ಅಡಿ ಅಗಲ, 5 ಅಡಿ ಆಳ. ಅಂದರೆ 50,000 ಘನ ಅಡಿ. ಒಂದು ಘನ ಅಡಿಗೆ 28 ಲೀಟರ್ ಚಿಲ್ಲರೆ. ಸುಮಾರು 14 ಲಕ್ಷ ಲೀಟರ್. ದಂಡೆಯ ಇಳಿಜಾರು ಕಳೆದು 10 ಲಕ್ಷ ಅಂತ ಇಟ್ಟುಕೊಂಡೆವು.

ಒಂದು ದನಕ್ಕೆ ದಿನಕ್ಕೆ 50 ಲೀಟರ್, ಒಂದು ಕುರಿಗೆ 5 ಲೀಟರ್ ಹಿಡಿದರೆ, 60 ದನ, 500 ಕುರಿಗೆ ದಿನಕ್ಕೆ 5,500 ಲೀಟರ್ ಬೇಕು. ಬಿಸಿಲಿಗೆ ಆರೋದು, ನೆಲಕ್ಕೆ ಇಂಗೋದು ಅಂತ ಅರ್ಧ ಕಳೆದರೂ ಒಮ್ಮೆ ತುಂಬಿದ ಕಟ್ಟೆ ಮೂರು ತಿಂಗಳು ನೀರು ಕೊಡುತ್ತೆ.

ಇನ್ನು ಮಳೆ ಲೆಕ್ಕ. ಒಂದು ಎಕರೆ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಅದು ಸುಮಾರು ಒಂದು ಲಕ್ಷ ಲೀಟರ್ ನೀರು. ಕಟ್ಟೆಯ ಮೇಲ್ಗಡೆ 60 ಎಕರೆ ಇಳಿಜಾರು ಇದೆ. ಹತ್ತರಲ್ಲಿ ಒಂದು ಪಾಲು ಹರಿದು ಬಂದರೂ ಒಂದು ಒಳ್ಳೆ ಮಳೆಗೆ 6 ಲಕ್ಷ ಲೀಟರ್. ಅಂಥ ಎರಡು ಮಳೆಗೆ ಕಟ್ಟೆ ತುಂಬುತ್ತೆ. ಅಡ್ಡ ಇರೋದು ಒಂದೂವರೆ ಅಡಿ ರಸ್ತೆ ಮಾತ್ರ.

ಈ ಲೆಕ್ಕಕ್ಕೆ ಏಳನೇ ಕ್ಲಾಸು ಸಾಕು. ನಾನು ಓದಿದ್ದೂ ಅಷ್ಟೇ.

ಆಮೇಲೆ ಗ್ರಾಮ ನಕಾಶೆ ತೆಗೆಸಿದೆವು. ನೀರು ಬರೋ ಕಾಲುವೆ ನಕಾಶೆಯಲ್ಲಿ ಗೆರೆಯಾಗಿ ಇತ್ತು. ಪಹಣಿಯಲ್ಲಿ 'ಬಿ ಖರಾಬು' ಅಂತ ಇತ್ತು. ಇದನ್ನು ಎಲ್ಲರೂ ತಿಳಿದಿರಬೇಕು. 'ಎ ಖರಾಬು' ಅಂದರೆ ಬೇಸಾಯಕ್ಕೆ ಬಾರದ ನೆಲ. 'ಬಿ ಖರಾಬು' ಅಂದರೆ ದಾರಿ, ಹಳ್ಳ, ಕಾಲುವೆ ಹೀಗೆ ಸಾರ್ವಜನಿಕರಿಗೆ ಬಿಟ್ಟ ಜಾಗ. ಹೊಲದ ನಡುವೆ ಇದ್ದರೂ ಅದು ಹೊಲದವನ ಸ್ವಂತದ್ದಲ್ಲ.

ಅರ್ಜಿಯಲ್ಲಿ ಮೂರು ಕೆಲಸ ಬೇರೆ ಬೇರೆ ಬರೆದೆವು. ರಸ್ತೆಗೆ ಎರಡು ಕಡೆ ಪೈಪು ಮೋರಿ. ಕಾಲುವೆ ಹೂಳು ತೆಗೆಯೋದು, ಸರ್ವೆ ನಂಬರು ಸಮೇತ. ಕಟ್ಟೆಯ ಹೂಳು ತೆಗೆಯೋದು. ಒಂದಕ್ಕೆ ಅಡ್ಡಿ ಬಂದರೆ ಉಳಿದವು ನಿಲ್ಲಬಾರದು ಅಂತ ಹೀಗೆ ಮಾಡಿದ್ದು. ಎರಡು ಪ್ರತಿ ಮಾಡಿ ಒಂದರ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಂಡೆವು.

ಸಭೆಯ ದಿನ

ವಾರ್ಡ್ ಸಭೆ ಸಂಜೆ ಇಡಿ ಅಂತ ಮೊದಲೇ ಕೇಳಿದೆವು, ಒಪ್ಪಿದರು. ದೇವಸ್ಥಾನದ ಮುಂದೆ ಜನ ಸೇರಿತು. ಒಬ್ಬರು ಎದ್ದು "ಮೊದ್ಲು ನಮ್ಮ ಬೀದಿ ರಸ್ತೆ ಆಗ್ಲಿ, ಕಟ್ಟೆ ಮುಂದಿನ ವರ್ಷ ನೋಡೋಣ" ಅಂದರು. ಕುರಿ ಕಾಯೋ ಅಜ್ಜಿಯೊಬ್ಬರು ಕೂತಲ್ಲಿಂದಲೇ ಹೇಳಿದರು: "ರಸ್ತೆ ಮಾಡ್ಕೊಡ್ರಪ್ಪ, ಬ್ಯಾಡ ಅನ್ನಲ್ಲ. ಕುರಿ ಏನು ರಸ್ತೆ ಕುಡೀತವಾ?" ಎಲ್ಲರೂ ನಕ್ಕರು. ಆದರೆ ಮಾತು ನಾಟಿತು. ರಸ್ತೆ, ಕಟ್ಟೆ ಎರಡೂ ಪಟ್ಟಿಗೆ ಹೋದವು. ನಡವಳಿ ಪುಸ್ತಕದಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದಿಸಿ, ಆಮೇಲೆ ಸಹಿ ಹಾಕಿದೆವು.

ಅಲ್ಲಿಂದ ಗ್ರಾಮ ಸಭೆಗೆ ಹೋದಾಗಲೂ ನಮ್ಮವರು ಹೋಗಿದ್ದರು. ಪಟ್ಟಿ ಉದುರಿ ಹೋಗೋದು ಹೆಚ್ಚಾಗಿ ಈ ದಾರಿಯಲ್ಲೇ.

2024ರ ಬೇಸಿಗೆಯಲ್ಲಿ ಎರಡು ಮೋರಿ ಕೂತವು. ಕಾಲುವೆ ಮುಕ್ಕಾಲು ಪಾಲು ಸ್ವಚ್ಛವಾಯಿತು. ಆ ಮುಂಗಾರಿಗೆ ಕಟ್ಟೆಗೆ ನೀರು ಬಂತು. ಕಾಲುವೆಯ ಉಳಿದ ಕಾಲು ಪಾಲು ಇನ್ನೂ ಹಾಗೇ ಇದೆ. ಅಲ್ಲಿನ ಹೊಲದವರು ಖರಾಬು ಉತ್ತುಕೊಂಡಿದ್ದಾರೆ, ಬಿಡಲು ಒಪ್ಪಿಲ್ಲ. ಅವರೂ ನಮ್ಮ ಹಾಗೆ ಎರಡು ಎಕರೆಯವರು. ಅಳತೆಗೆ ಅರ್ಜಿ ಹಾಕಿದ್ದೇವೆ, ಮಾತುಕತೆಯೂ ನಡೆದಿದೆ. ಕಟ್ಟೆಯ ಹೂಳು ಇನ್ನೂ ಪಟ್ಟಿಯಲ್ಲೇ ಇದೆ.

ಹಣ ಎಲ್ಲಿಂದ?

'ದುಡ್ಡಿಲ್ಲ' ಅನ್ನೋ ಉತ್ತರ ಬಂದಾಗ ಯಾವ ದುಡ್ಡು ಅಂತ ಕೇಳಬೇಕು. 2021ರಿಂದ 2026ರ ವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ಭಾಗವನ್ನು ನೈರ್ಮಲ್ಯ ಮತ್ತು ಕುಡಿಯುವ ನೀರು, ಮಳೆನೀರು ಸಂಗ್ರಹದಂಥ ಕೆಲಸಗಳಿಗೆ ಅಂತಲೇ ಕಟ್ಟಿಟ್ಟಿದ್ದರು. ಉಳಿದ ಶೇ 40 ಊರಿನ ಅಗತ್ಯ ನೋಡಿ ಖರ್ಚು ಮಾಡೋಕೆ. 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ, ಜಿಲ್ಲೆಯ ಕೆಲಸಗಳ ವೆಚ್ಚದಲ್ಲಿ ಕನಿಷ್ಠ ಶೇ 60 ಭಾಗ ನೆಲ, ನೀರು, ಮರದ ಅಭಿವೃದ್ಧಿ ಮೂಲಕ ಕೃಷಿಗೆ ಆಗಿಬರುವ ಕೆಲಸಗಳಿಗೆ ಹೋಗಬೇಕು ಅಂತ ಇತ್ತು.

ಯೋಜನೆಗಳ ಹೆಸರು ಬದಲಾಗ್ತಾ ಇರುತ್ತೆ. 1989ರಲ್ಲಿ ಜವಾಹರ್ ರೋಜ್‌ಗಾರ್ ಬಂತು. 2001ರಲ್ಲಿ ಸಂಪೂರ್ಣ ಗ್ರಾಮೀಣ ರೋಜ್‌ಗಾರ್. 2006ರಿಂದ ಉದ್ಯೋಗ ಖಾತ್ರಿ. ಅದರ ಜಾಗಕ್ಕೆ 2025ರ ಡಿಸೆಂಬರಿನಲ್ಲಿ ಸಂಸತ್ತು 125 ದಿನದ ಕೆಲಸದ ಹೊಸ ಕಾಯ್ದೆ ಒಪ್ಪಿತು. ಅದರಲ್ಲೂ ಕೆಲಸದ ಪಟ್ಟಿ ಹುಟ್ಟಬೇಕಾದ್ದು ಗ್ರಾಮ ಪಂಚಾಯ್ತಿಯ ಯೋಜನೆಯಿಂದಲೇ. ಹಾಗಾಗಿ ಯೋಜನೆ ಯಾವುದೇ ಇರಲಿ, ನಮ್ಮ ಕೆಲಸ ಪಟ್ಟಿಯಲ್ಲಿ ಇರಬೇಕು. ಹಣ ಬಂದ ದಿನ ಪಟ್ಟಿ ಬರೆಯೋಕೆ ಕೂತರೆ ತಡವಾಯಿತು ಅಂತಲೇ ಲೆಕ್ಕ.

ರೈತರು ನೆನಪಿಡಬೇಕಾದ್ದು

• ವಾರ್ಡ್ ಸಭೆ, ಗ್ರಾಮ ಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ದಿನಾಂಕ ಡಂಗುರ ಸಾರಿಸಿ, ಅಂಟಿಸಿ ತಿಳಿಸಿ ಅಂತ ಕೇಳಿ. ಬಿತ್ತನೆ, ಕೊಯ್ಲು ನೋಡಿಕೊಂಡು ಸಂಜೆ ಹೊತ್ತು ಇಡಲು ಮೊದಲೇ ಬರೆದು ಕೊಡಿ.

• ಸಭೆಗೆ ಮುಂಚೆ ನಾಲ್ಕು ಜನ ಸೇರಿ ಹೊಲ ಸುತ್ತಿ. ಬದು, ಬಂಡಿಜಾಡು, ಗೋಕಟ್ಟೆ, ಕಾಲುವೆ, ಮೋರಿ ಯಾವುದು ಎಲ್ಲಿ ಕೆಟ್ಟಿದೆ ಅಂತ ಸರ್ವೆ ನಂಬರು ಹಾಕಿ ಬರೆದುಕೊಳ್ಳಿ.

• ಹೊಸ ರಸ್ತೆ ಗುರುತು ಹಾಕುವಾಗಲೇ ಮಳೆನೀರು ಎಲ್ಲಿ ದಾಟುತ್ತೆ ಅಂತ ಎಂಜಿನಿಯರಿಗೆ ತೋರಿಸಿ. ಮುಗಿದ ರಸ್ತೆ ಅಗೆದು ಮೋರಿ ಇಡೋದಕ್ಕೆ ಎರಡು ಪಟ್ಟು ಕಷ್ಟ.

• ನಡವಳಿ ಓದಿಸದೆ ಸಹಿ ಹಾಕಬೇಡಿ. ಖಾಲಿ ಹಾಳೆಗಂತೂ ಬೇಡವೇ ಬೇಡ.

• ವರ್ಷಕ್ಕೊಮ್ಮೆ ಜಮಾಬಂದಿ ನಡೆಯುತ್ತೆ. ಆವತ್ತು ಪಂಚಾಯ್ತಿಯ ಲೆಕ್ಕ, ಕಾಮಗಾರಿ ಎರಡನ್ನೂ ಎದುರಿಗೆ ನೋಡಬಹುದು. ಟೇಪು ತಗೊಂಡು ಹೋಗಿ.

• ಮನೆ ಕಂದಾಯ, ನೀರಿನ ಕರ ಬಾಕಿ ಇಟ್ಟುಕೊಳ್ಳಬೇಡಿ. ಬೇಸಾಯದ ಕಂದಾಯ ಭೂಮಿಗೆ ಪಂಚಾಯ್ತಿ ತೆರಿಗೆ ಇಲ್ಲ. ಇರೋ ಕರವನ್ನಾದರೂ ಕಟ್ಟಿದ್ದರೆ ಸಭೆಯಲ್ಲಿ ತಲೆ ಎತ್ತಿ ಕೇಳಬಹುದು.

ನಾನ್ನೂರು ಜನಸಂಖ್ಯೆಗೆ ಒಬ್ಬರಂತೆ ಮೆಂಬರು ಇರ್ತಾರೆ. ಅವರು ನಮ್ಮ ನಡುವಿನವರೇ, ಹೆಚ್ಚಿನವರು ಹೊಲ ಇದ್ದವರೇ. ಹತ್ತು ಜನ ಬಂದು ಚರಂಡಿ ಕೇಳಿ, ಒಬ್ಬನೂ ಬಂದು ಬದು ಕೇಳದಿದ್ದರೆ ಅವರಾದರೂ ಏನು ಮಾಡ್ತಾರೆ? ಈ ಸಲ ನಿಮ್ಮೂರ ವಾರ್ಡ್ ಸಭೆಗೆ ಹೊಲದ ಪಟ್ಟಿಯೊಂದು ಹೋಗಲಿ. ಏನಾಯಿತು ಅನ್ನೋದನ್ನು ಪತ್ರಿಕೆಗೆ ಬರೆಯಿರಿ. ಕೆಲಸ ಆಗದಿದ್ದರೂ ಬರೆಯಿರಿ, ಎಲ್ಲಿ ನಿಂತಿತು ಅಂತ ಉಳಿದವರಿಗೆ ತಿಳಿಯಲಿ.